ಸೀಟಿ ಊದುವವನ ಕಿವಿ

ಆ ಮಧ್ಯಾಹ್ನ ಏಳು ಕುಳಿಗಳಿಗೆ ಮದ್ದು ತುಂಬಿ ಮುಗಿಸುವಾಗ ಊಟದ ಹೊತ್ತಾಗಿತ್ತು. ಮಾಲೂರು ತಾಲ್ಲೂಕಿನ ಟೇಕಲ್ ಕಡೆಯ ಒಂದು ಕಲ್ಲುಗುಡ್ಡ. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಆ ಕ್ವಾರಿಯ ಬ್ಲಾಸ್ಟರ್. ಡ್ರಿಲ್ಲರ್‌ಗಳು ಜಾಕ್‌ಹ್ಯಾಮರ್ ಹಿಡಿದು ಬಂಡೆಯಲ್ಲಿ ಕುಳಿ ಕೊರೆಯುತ್ತಾರೆ. ಅದಕ್ಕೆ ಮದ್ದು ತುಂಬುವುದು, ಸೀಟಿ ಊದಿ ಜನರನ್ನು ದೂರ ಕಳಿಸುವುದು, ಬತ್ತಿ ಹಚ್ಚುವುದು, ಸಿಡಿದ ಸದ್ದುಗಳನ್ನು ಎಣಿಸಿ ಎಲ್ಲ ಕುಳಿಯೂ ಸಿಡಿದಿದೆ ಎಂದು ಖಾತ್ರಿಯಾದ ಮೇಲೆ ಜನರನ್ನು ಒಳಗೆ ಬಿಡುವುದು ನನ್ನ ಕೆಲಸ. ಅದಕ್ಕೆ ಸರ್ಕಾರದ ಪರ್ಮಿಟ್ ಬೇಕು. ಹನ್ನೊಂದು ವರ್ಷ ನಾನೂ ಜಾಕ್‌ಹ್ಯಾಮರ್ ಹಿಡಿದ ಮೇಲೆ ಸಿಕ್ಕ ಪರ್ಮಿಟ್ ಅದು.

ಡ್ರಿಲ್ಲುಗಳಿಗೆ ಗಾಳಿ ಒದಗಿಸುವ ಕಂಪ್ರೆಸರ್ ನಿಲ್ಲಿಸಿದರು. ಮೂರು ಉದ್ದ ಸೀಟಿ ಊದಿದೆ. ಸ್ವಲ್ಪ ಕಾದು, ಸುತ್ತ ನೋಡಿ, ಬತ್ತಿಗಳಿಗೆ ಬೆಂಕಿ ತಾಗಿಸಿ, ನಮ್ಮ ಮರೆಕಲ್ಲಿನ ಕಡೆ ನಡೆದೆ. ತಲೆ ಎಣಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಸೀಟಿ ಕೇಳಿದವನು ತಾನಾಗಿ ಬರುತ್ತಾನೆ ಎಂಬುದೇ ನಂಬಿಕೆ.

ಮರೆಗೆ ಹೋಗುತ್ತಲೇ ಕಲ್ಲು ಹೊರುವ ಹೆಂಗಸೊಬ್ಬಳು ಕೇಳಿದಳು. ಅವಳು ಲಕ್ಕೂರು ಹೋಬಳಿಯ ಹಳ್ಳಿಯವಳು, ಮಾತು ಕಡಿಮೆ.

"ಅಣ್ಣಾ, ಮೇಸ್ತ್ರಿ ಎಲ್ಲಿ?"

ನಮ್ಮ ಹಿರಿಯ ಡ್ರಿಲ್ಲರ್‌ನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದೆವು. ರಾಯಲ್ಪಾಡು ಕಡೆಯವರು, ಮನೆಯಲ್ಲಿ ತೆಲುಗು. ನಾನು ತಲೆ ಹೊರಹಾಕಿ ನೋಡಿದೆ. ಕುಳಿಗಳಿಗಿಂತ ಹತ್ತು ಹೆಜ್ಜೆ ಕೆಳಗೆ, ಬತ್ತಿ ಹಚ್ಚುವಾಗ ನನಗೆ ಕಾಣದ ಬಂಡೆಯ ಒಂದು ಮೂಲೆಯಲ್ಲಿ, ನಮಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಗಾಳಿ ಪೈಪಿನ ಸಿಕ್ಕು ಬಿಡಿಸುತ್ತಿದ್ದರು. ನಿಶ್ಚಿಂತೆಯಾಗಿ, ಅಂಗಳದಲ್ಲಿ ಹಗ್ಗ ಹೊಸೆಯುವವರ ಹಾಗೆ.

ಎಲ್ಲರೂ ಒಟ್ಟಿಗೆ ಕೂಗಿದೆವು. ಅವರು ತಿರುಗಲಿಲ್ಲ.

ಬತ್ತಿ ಹಚ್ಚಿದವನು ಓಡಬಾರದು, ವಾಪಸ್ ಹೋಗಲೇಬಾರದು. ನನಗೆ ಕಲಿಸಿದ ಮೊದಲ ನಿಯಮವೇ ಅದು. ನಾನು ಓಡಿದೆ. ಅವರ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು, ಪಕ್ಕದ ಚಾಚುಬಂಡೆಯ ಅಡಿಗೆ ನೂಕಿ, ಮೇಲೆ ಬಿದ್ದೆ. ಮೊದಲನೆಯದು ಸಿಡಿಯಿತು. ಮುಖ ಮಣ್ಣಿನಲ್ಲಿದ್ದರೂ ಎಣಿಸುವುದನ್ನು ಬಿಡಲಿಲ್ಲ. ಏಳೂ ಆದ ಮೇಲೆ ಕಣ್ಣು ಬಿಟ್ಟೆ. ಒಂದು ಚೂರು ಅವರ ಮೊಣಕೈ ಕೆಳಗೆ ಸೀಳಿತ್ತು. ರಕ್ತ ಸುರಿಯುತ್ತಿತ್ತು. ಮೂಳೆಗೆ ಏನೂ ಆಗಿರಲಿಲ್ಲ.

ಅವರಿಗೆ ನೋವಿಗಿಂತ ಕೋಪವೇ ಹೆಚ್ಚಾಗಿತ್ತು.

"ಒರೇಯ್, ಸೀಟಿ ಊದದೇನೇ ಬೆಂಕಿ ಹಚ್ತೀಯೇನ್ರಾ? ನನ್ನ ಸಾಯ್ಸೋಕೆ ನೋಡ್ದೆಯಾ?"

"ಊದ್ದೆ ಮೇಸ್ತ್ರಿ. ಮೂರು ಸಲ ಊದ್ದೆ. ಎಲ್ರೂ ಬಂದ್ರಲ್ಲ!"

"ಅಬದ್ಧ ಹೇಳ್ಬೇಡ. ಊದಿದ್ರೆ ನನಗೆ ಕೇಳ್ತಿರ್ಲಿಲ್ವಾ?"

ಕ್ವಾರಿಯ ರೈಟರು, ಅಂದರೆ ಕಂಟ್ರಾಕ್ಟರ್ ಪರವಾಗಿ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವವರು, ಮಧ್ಯೆ ಬಂದು ಮೇಸ್ತ್ರಿಗೇ ಬೈದರು. ಅವರ ಪುಸ್ತಕದಲ್ಲಿ 'ಆಳಿನ ಅಜಾಗರೂಕತೆ' ಎಂದಾಯಿತು. ಆದರೆ ಮೇಸ್ತ್ರಿ ಕೈಗೆ ಬಟ್ಟೆ ಕಟ್ಟಿಸಿಕೊಳ್ಳುತ್ತಾ ಎಲ್ಲರ ಮುಂದೆ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಊದಲಿಲ್ಲ. ನನ್ನ ಮೇಲೆ ಬಂದ ಆ ಸುಳ್ಳು ಆರೋಪ ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ಪರೀಕ್ಷೆ ಮಾಡಿ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಮರುದಿನ ಊಟದ ಬಿಡುವಿನಲ್ಲಿ, ಕಂಪ್ರೆಸರ್ ನಿಂತ ಮೇಲೆ, ಆರು ಜನ ಡ್ರಿಲ್ಲರ್‌ಗಳನ್ನೂ ಬಂಡೆಗೆ ಮುಖ ಮಾಡಿಸಿ ಸಾಲಾಗಿ ನಿಲ್ಲಿಸಿದೆ. ಅರವತ್ತು ಹೆಜ್ಜೆ ಎಣಿಸಿ ಹಿಂದೆ ಹೋದೆ. ಸೀಟಿ ಕೇಳಿದವರು ಕೈ ಎತ್ತಬೇಕು ಎಂದು ಹೇಳಿದ್ದೆ. ರೈಟರು ಊಟಕ್ಕೆ ಹೋಗಿದ್ದರು. ಹೆಂಗಸರು ತಟ್ಟೆ ಹಿಡಿದುಕೊಂಡು ತಮಾಷೆ ನೋಡಲು ಬಂದರು.

ಊದಿದೆ. ಎರಡು ಕೈ ಮೇಲೆದ್ದವು. ಇಬ್ಬರೂ ಆ ವರ್ಷ ಸೇರಿದವರು. ಉಳಿದ ನಾಲ್ವರು ಕಲ್ಲಿನಂತೆ ನಿಂತಿದ್ದರು. ಮತ್ತೆ ಊದಿದೆ, ಎದೆಯ ಉಸಿರೆಲ್ಲ ಹಾಕಿ. ಆಗ ಮೇಸ್ತ್ರಿ ಕೈ ಎತ್ತಿದರು. ಪಕ್ಕದವನ ಕೈಯ ನೆರಳು ಬಂಡೆಯ ಮೇಲೆ ಏಳುವುದನ್ನು ನೋಡಿ ಎತ್ತಿದ್ದು ಎಂದು ನನಗೆ ಅಲ್ಲಿಂದಲೇ ತಿಳಿಯಿತು. ಮೂರನೆಯ ಸಲ ಸುಮ್ಮನೆ ಸೀಟಿ ಬಾಯಲ್ಲಿಟ್ಟುಕೊಂಡು ನಿಂತೆ, ಊದಲಿಲ್ಲ. ಅವರ ಕೈ ಅರ್ಧ ಎದ್ದು, ಅನುಮಾನಿಸಿ, ಇಳಿಯಿತು.

ಹೆಂಗಸರ ನಗು ನಿಂತುಹೋಯಿತು. ನಾನು ಗೆದ್ದಿದ್ದೆ. ಗೆದ್ದ ಸಂತೋಷ ಬರಲಿಲ್ಲ.

ಲಕ್ಕೂರು ಕಡೆಯ ಆ ಹೆಂಗಸು ನನ್ನ ಹತ್ತಿರ ಬಂದು ಕೈ ಚಾಚಿದಳು. "ಅಣ್ಣಾ, ಸೀಟಿ ಇಲ್ಲಿ ಕೊಡಿ. ನೀವೂ ಒಂದ್ಸಲ ಹೋಗಿ ನಿಂತ್ಕೊಳ್ಳಿ. ನೀವೂ ಮೊದಲು ಜಾಕ್‌ಹ್ಯಾಮರ್ ಹಿಡ್ದೋರೇ ಅಲ್ವಾ?"

ನಗುತ್ತಲೇ ಹೋಗಿ ನಿಂತೆ. ಬಂಡೆಯ ಮೇಲಿನ ಬಿಳಿ ಗೀರುಗಳನ್ನು ನೋಡುತ್ತಾ ಕಾದೆ. ಕಿವಿಯೊಳಗೆ ಯಾವಾಗಲೂ ಇರುವ ಜೀರುಂಡೆ ಸದ್ದು ಇತ್ತು. ಅದು ಎಲ್ಲರಿಗೂ ಇರುತ್ತದೆಂದೇ ನಾನು ತಿಳಿದಿದ್ದೆ. ದೂರದಲ್ಲಿ ರೈಲು ಹೋದದ್ದು ಕೇಳಿಸಿತು. ಇವಳೇಕೆ ಇಷ್ಟು ತಡ ಮಾಡುತ್ತಿದ್ದಾಳೆ ಎಂದು, "ಊದಮ್ಮಾ" ಎನ್ನಲು ತಿರುಗಿದೆ.

ಅವಳು ಊದುತ್ತಿದ್ದಳು. ಕೆನ್ನೆ ಉಬ್ಬಿತ್ತು, ಕೊರಳ ನರ ಎದ್ದಿತ್ತು. ಹೆಂಗಸರಲ್ಲಿ ಒಬ್ಬಳು ಕಿವಿ ಮುಚ್ಚಿಕೊಂಡಿದ್ದಳು.

ಎಷ್ಟು ಸಲ ಊದಿದೆ ಎಂದು ಕೇಳಿದೆ. "ನಾಲ್ಕು" ಎಂದಳು.

ಅಷ್ಟು ವರ್ಷ ನಾನು ಊದಿದ ಸೀಟಿ ನನಗೆ ಕೇಳುತ್ತಿತ್ತೇ? ಹಲ್ಲಿನಲ್ಲಿ ಅದರ ನಡುಕ ತಿಳಿಯುತ್ತಿತ್ತು. ಅದನ್ನೇ ಕೇಳಿಸಿತು ಎಂದುಕೊಂಡಿದ್ದೆನೋ ಏನೋ.

ಹೆಂಗಸರಿಗೆ ಬಾಯಿ ಬಿಡಬೇಡಿ ಎಂದು ಹೇಳಿ, ಆ ಸಂಜೆಯೇ ನಾವು ಏಳು ಜನ ಕಂಪ್ರೆಸರ್ ಹಿಂದೆ ಸೇರಿ ಮಾತಾಡಿದೆವು. ಇಷ್ಟು ದಿನ ಪಕ್ಕದವರು ಏಳುವುದನ್ನು ನೋಡಿಯೇ ಎದ್ದು ಬರುತ್ತಿದ್ದೆವು ಎಂದು ಸೀಟಿ ಕೇಳದವರು ಒಪ್ಪಿಕೊಂಡರು. ಮಾತು ಬೇಗ ಮುಗಿಯಿತು. ಕಿವುಡರೆಂದು ಗೊತ್ತಾದರೆ ಡ್ರಿಲ್ ಕೆಲಸದಿಂದ ತೆಗೆಯುತ್ತಾರೆ. ಜಲ್ಲಿ ಕುಟ್ಟಲು ಕೂರಬೇಕು. ನನ್ನ ಪರ್ಮಿಟ್ ಹೋಗುತ್ತದೆ. ಮೇಸ್ತ್ರಿ ಎಲ್ಲರ ಪರವಾಗಿ ಹೇಳಿದರು:

"ಚಾಲು ರಾ, ಸಾಕು. ಇದು ಇಲ್ಲೇ ಇರ್ಲಿ. ನನಗೆ ಕೇಳಲ್ಲ, ನಿನಗೂ ಕೇಳಲ್ಲ. ಯಾರಿಗೂ ಹೇಳ್ಬೇಡ."

ಒಪ್ಪಿಕೊಂಡೆ. ಒಪ್ಪಿಕೊಂಡೂ ಸುಮ್ಮನಿರಲಾಗಲಿಲ್ಲ. ಸೀಟಿಯ ಬದಲು ಬೇರೆ ಏನು ಕೇಳುತ್ತದೆ ಎಂದು ಒಂದೊಂದನ್ನೇ ಪ್ರಯತ್ನಿಸಿದೆ. ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಹೊಡೆದು ನೋಡಿದೆ: ಮೇಸ್ತ್ರಿಗೆ ಕೇಳಲಿಲ್ಲ. ಲಾರಿಯ ಹಾರ್ನ್: ಆ ನಾಲ್ವರಲ್ಲಿ ಇಬ್ಬರಿಗೆ ಕೇಳಿತು. ರಸ್ತೆ ಕೆಲಸದವರು ಬಿಟ್ಟುಹೋದ ಖಾಲಿ ಟಾರು ಡ್ರಮ್ಮೊಂದು ಬಿದ್ದಿತ್ತು. ಅದನ್ನು ಬೋರಲು ಹಾಕಿ ಮರದ ಕೊರಡಿನಿಂದ ಬಡಿದಾಗ ಆರು ಕೈಗಳೂ ಒಟ್ಟಿಗೆ ಎದ್ದವು. ಅಂದಿನಿಂದ ಸೀಟಿಯ ಜೊತೆಗೆ ಡ್ರಮ್ ಬಡಿಯುವುದು, ಕೆಂಪು ಬಟ್ಟೆ ಏರಿಸುವುದು, ಬೆಂಕಿ ಹಚ್ಚುವ ಮೊದಲು ಪ್ರತಿಯೊಬ್ಬರ ಭುಜ ಮುಟ್ಟಿ ಎಣಿಸುವುದು ಶುರುವಾಯಿತು. ರೈಟರು ಕೇಳಿದ್ದಕ್ಕೆ, ಮೇಸ್ತ್ರಿಗೆ ಪೆಟ್ಟಾದ ಮೇಲೆ ಭಯ ಎಂದೆ. ಅವರು ನಕ್ಕು ಸುಮ್ಮನಾದರು.

ಜನರನ್ನು ಹೊರಗೆ ಕಳಿಸುವ ತೊಂದರೆ ಅಲ್ಲಿಗೆ ತೀರಿತು. ಒಳಗೆ ಬಿಡುವ ತೊಂದರೆ ಉಳಿಯಿತು. ಬತ್ತಿಗಳು ಒಂದರ ಹಿಂದೆ ಒಂದು ಸಿಡಿಯುತ್ತವೆ. ಎಂಟು ತುಂಬಿ ಏಳೇ ಸದ್ದು ಬಂದರೆ ಒಂದು ಕುಳಿ ಒಳಗೆ ಜೀವಂತ ಉಳಿದಿದೆ ಎಂದು ಅರ್ಥ. ಅದರ ಮೇಲೆ ಡ್ರಿಲ್ಲೋ ಹಾರೆಯೋ ಬಿದ್ದರೆ ಮುಗಿಯಿತು. ಸೀಟಿಯನ್ನೇ ಕೇಳದ ಕಿವಿ ಎಣಿಕೆಯನ್ನು ತಪ್ಪುವುದಿಲ್ಲವೆಂದು ಹೇಗೆ ನಂಬುವುದು?

ಹೀಗಾಗಿ ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದೆ. ಪ್ರತಿ ಸಿಡಿತಕ್ಕೆ ಅವಳು ಮಡಿಲಲ್ಲಿ ಒಂದು ಬೆರಳು ಮಡಚುತ್ತಿದ್ದಳು. ನಾನು ಅವಳ ಬೆರಳು ನೋಡಿ ಗಟ್ಟಿಯಾಗಿ ಎಣಿಸುತ್ತಿದ್ದೆ. ನೋಡುವವರಿಗೆ ನಾನೇ ಎಣಿಸಿದ ಹಾಗೆ. ದಿನಕ್ಕೆ ಎರಡು ಸಲ ಈ ನಾಟಕ. ಅವಳು ಒಂದು ದಿನ ಬರದಿದ್ದರೆ ಏನಾದರೂ ನೆಪ ಹೇಳಿ ಆ ದಿನ ಬ್ಲಾಸ್ಟ್ ಮುಂದೂಡುತ್ತಿದ್ದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಒಲೆಯ ಮುಂದೆ ಕೂತಿದ್ದವಳು ನನ್ನ ಕಡೆ ತಿರುಗಿದಳು.

"ನಾನು ಕರೆದ್ರೆ ಬೇಕಂತ್ಲೇ ತಿರುಗಿ ನೋಡಲ್ಲ ಅನ್ಕೊಂಡಿದ್ದೆ. ಎಷ್ಟು ವರ್ಷ ಅದಕ್ಕೇ ಜಗಳ ಆಡಿದೀನಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೇನೋ ಹೇಳಿದಳು. ಅವಳ ಮುಖ ಒಲೆಯ ಕಡೆ ಇತ್ತು. ಏನೆಂದಳೆಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಪರ್ಮಿಟ್ ನವೀಕರಣದ ಕಾಲ ಬಂತು. ಕಣ್ಣು ಕಿವಿ ಸರಿಯಾಗಿವೆ ಎಂದು ಡಾಕ್ಟರ್ ಸಹಿ ಹಾಕಿದ ಫಾರಂ ಬೇಕು. ಕೋಲಾರದ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಕಿವಿ ಡಾಕ್ಟರ್ ಬರುತ್ತಾರೆಂದು ಕೇಳಿ, ಫಾರಂ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅವರು ಪರೀಕ್ಷಿಸಿ ಅಷ್ಟೇನೂ ಇಲ್ಲ ಎಂದುಬಿಡಲಿ ಎಂಬ ಆಸೆ ಇತ್ತು.

ಡಾಕ್ಟರು ಸೂಟ್‌ಕೇಸಿನಷ್ಟು ದೊಡ್ಡ ಒಂದು ಯಂತ್ರ ತಂದಿದ್ದರು. ಕಿವಿಗೆ ಎರಡು ಮುಚ್ಚಳ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ಮೊದಮೊದಲು ಸುಲಭವಾಗಿತ್ತು. ಬರಬರುತ್ತಾ ಏನೂ ಇಲ್ಲ. ಅವರ ಕೈ ತಿರುಪನ್ನು ತಿರುಗಿಸುವುದು ಕಾಣುತ್ತಿತ್ತು. ಕೈ ತಿರುಗಿದಾಗಲೆಲ್ಲ ಬೆರಳೆತ್ತಿದೆ. ಮೇಸ್ತ್ರಿ ನೆರಳು ನೋಡಿ ಕೈ ಎತ್ತಿದಂತೆ ನಾನೂ ಮಾಡುತ್ತಿದ್ದೇನೆಂದು ಹೊಳೆಯಿತು. ಡಾಕ್ಟರು ಯಂತ್ರವನ್ನು ಆ ಕಡೆ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು.

ಕೊನೆಗೆ ಚೌಕುಳಿ ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಎಡಗಡೆ ನೆಟ್ಟಗಿದ್ದ ಗೆರೆ ಬಲಗಡೆ ಧಡಕ್ಕನೆ ಕೆಳಗೆ ಬೀಳುತ್ತಿತ್ತು.

"ದಪ್ಪ ಸದ್ದು ನಿಮಗೆ ಚೆನ್ನಾಗೇ ಕೇಳುತ್ತೆ. ಚೂಪು ಸದ್ದು ಹೋಗಿದೆ. ಸೀಟಿ, ಸೈಕಲ್ ಬೆಲ್ಲು, ಹೆಂಗಸರ ಮಾತು, ಮಕ್ಕಳ ಮಾತು. ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಮಾತಾಡ್ತಿದಾರೆ ಅನ್ನೋದು ಬಿಟ್ಟುಹೋಗುತ್ತೆ. ಹೌದಾ?"

"ಹೌದು ಸಾರ್. ಇದಕ್ಕೆ ಔಷಧಿ?"

"ಇಲ್ಲ. ಒಳಗಿನ ನರ ಒಂದ್ಸಲ ಸತ್ತರೆ ಮತ್ತೆ ಬರಲ್ಲ. ಸದ್ದಿನಿಂದ ದೂರ ಇದ್ದರೆ ಉಳಿದಿರೋದು ಉಳಿಯುತ್ತೆ."

ಫಾರಂ ತೆಗೆದು ಮುಂದಿಟ್ಟೆ. ಅವರು ಓದಿ, ಪೆನ್ನು ತೆಗೆಯದೆ ನನ್ನ ಮುಖ ನೋಡಿದರು. "ನಾನು ಇದರಲ್ಲಿ ನಿಜ ಬರೆದರೆ ನಿಮ್ಮ ಕೆಲಸ ಹೋಗುತ್ತೆ. ಸುಳ್ಳು ಬರೆಯೋಕೆ ನನ್ನಿಂದ ಆಗಲ್ಲ. ಏನು ಮಾಡಲಿ?"

"ಏನೂ ಬರೀಬೇಡಿ ಸಾರ್," ಎಂದು ಫಾರಂ ವಾಪಸ್ ತೆಗೆದುಕೊಂಡೆ. ಗೆರೆಯ ಕಾಗದ ಮಾತ್ರ ಕೊಡಿ ಎಂದೆ. ಅದನ್ನು ಮಡಿಸಿ ಕೊಟ್ಟರು.

ಖಾಲಿ ಫಾರಂ ನೋಡಿ ರೈಟರು ಏನೂ ಕೇಳಲಿಲ್ಲ. "ಇಷ್ಟಕ್ಕೆ ಕೋಲಾರಕ್ಕೆ ಯಾಕ್ ಹೋಗಿದ್ದೆ ಮಾರಾಯ? ಇಲ್ಲಿ ಕೊಡು," ಎಂದರು. ಎರಡು ದಿನಕ್ಕೆ ಅದು ಯಾವುದೋ ಡಾಕ್ಟರ ಸಹಿ, ಸೀಲು ಸಮೇತ ವಾಪಸ್ ಬಂತು. ಆ ಡಾಕ್ಟರ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಎರಡೂ ಕಿವಿಗಳು ಸರಿಯಾಗಿವೆ ಎಂದು ಬರೆದಿತ್ತು. ನವೀಕರಣವೂ ಆಯಿತು. ಗೆರೆಯ ಕಾಗದ, ಪರ್ಮಿಟ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. ಮೊದಲು ನನಗೆ ಗೊತ್ತಿಲ್ಲದೆ ತಪ್ಪು ಮಾಡುತ್ತಿದ್ದೆ. ಈಗ ಗೊತ್ತಿದ್ದೂ, ಸರ್ಕಾರದ ಮೊಹರಿನ ಸಮೇತ ಮಾಡುತ್ತಿದ್ದೆ. ಹೇಳಿದರೆ ನಾಲ್ಕು ಸಂಸಾರಕ್ಕೆ ಪೆಟ್ಟು, ನನ್ನದೂ ಸೇರಿ ಐದು. ಹೇಳದಿದ್ದರೆ ಯಾವತ್ತೋ ಒಂದು ದಿನ ಯಾರೋ ಒಬ್ಬರು. ಆ ಒಬ್ಬರು ಯಾರೆಂದು ಗೊತ್ತಿಲ್ಲದ್ದರಿಂದ ದಿನಗಳು ಸಾಗುತ್ತಿದ್ದವು.

ಸುಮಾರು ಎರಡು ತಿಂಗಳ ಮೇಲೆ ಒಂದು ಸಂಜೆ ಒಂಬತ್ತು ಕುಳಿ ತುಂಬಿದ್ದೆ. ಗೋಡೆ ಕಟ್ಟುವ ಸೈಜುಗಲ್ಲು ತುಂಬಲು ಎರಡು ಲಾರಿ ಕಾದಿದ್ದವು. ಡ್ರಮ್ ಬಡಿದು, ಭುಜ ಮುಟ್ಟಿ ಎಣಿಸಿ, ಬತ್ತಿ ಹಚ್ಚಿ ಬಂದು ಮರೆಕಲ್ಲಿಗೆ ಬೆನ್ನು ಕೊಟ್ಟು ಕೂತೆ. ಅಂದು ಹೊಗೆ ನಮ್ಮ ಕಡೆಯೇ ತಿರುಗಿತು. ಆ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡಳು; ಅವಳ ಬೆರಳು ನನಗೆ ಕಾಣಲಿಲ್ಲ. ನಾನೇ ಎಣಿಸಿದೆ. ಐದು, ಆರು, ಆಮೇಲೆ ಜೊತೆಜೊತೆಗೆ ಎರಡು, ಬೆನ್ನಿನ ಬಂಡೆಯಲ್ಲಿ ಗುದ್ದಿದ ಹಾಗೆ. ಒಂಬತ್ತು.

ಹೊಗೆ ಕರಗಿದ ಮೇಲೆ ಅವಳ ಕಡೆ ನೋಡಿದೆ. ಅವಳು ಎಂಟು ಬೆರಳು ತೋರಿಸಿದಳು.

"ಒಂಬತ್ತು ಅಲ್ವಾ?"

"ಎಂಟೇ ಅಣ್ಣಾ. ಚೆನ್ನಾಗಿ ಎಣಿಸಿದೀನಿ."

ಲಾರಿಯವರು ಎದ್ದು ನಿಂತಿದ್ದರು. ಹೆಂಗಸರು ತಲೆಗೆ ಸಿಂಬಿ ಇಟ್ಟುಕೊಳ್ಳುತ್ತಿದ್ದರು. ಡ್ರಿಲ್ಲರ್‌ಗಳು ಹಾರೆ ಎತ್ತಿಕೊಂಡಿದ್ದರು. ರೈಟರು ದೂರದಿಂದ ಕೂಗಿದರು:

"ಏನಪ್ಪಾ, ಬಿಡು ಜನಾನ. ಎಷ್ಟಾಯ್ತು?"

"ಸ್ವಲ್ಪ ತಾಳಿ. ಒಂದು ಉಳಿದಿರಬಹುದು. ಇವತ್ತು ಬೇಡ, ನಾಳೆ ಬೆಳಗ್ಗೆ ನೋಡೋಣ."

ಅವರು ಹತ್ತಿರ ಬಂದರು. "ನೀನು ಎಷ್ಟು ಎಣಿಸ್ದೆ?"

"ಒಂಬತ್ತು."

"ತುಂಬಿದ್ದು?"

"ಒಂಬತ್ತು."

"ಮತ್ತೆ?"

"ಈಯಮ್ಮ ಎಂಟು ಅಂತಾಳೆ."

ರೈಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಲ್ಲು ಹೊರೋ ಹೆಂಗಸು ಲೆಕ್ಕ ಹೇಳ್ತಾಳಾ? ಪರ್ಮಿಟ್ ಯಾರ ಹೆಸರಲ್ಲಿದೆ? ನಿನ್ನ ಕಿವಿಗೆ ಒಂಬತ್ತು ಕೇಳ್ತು ತಾನೆ? ಮುಗೀತು. ನಡೀರಿ, ನಡೀರಿ."

ಮೇಸ್ತ್ರಿ ಹಾರೆ ಹೆಗಲಿಗಿಟ್ಟು ಮೊದಲ ಹೆಜ್ಜೆ ಇಟ್ಟರು. ನಾನು ಅಡ್ಡ ಹೋಗಿ ಅವರ ಎದೆಗೆ ಕೈಕೊಟ್ಟು ನಿಲ್ಲಿಸಿದೆ. ನನ್ನ ಬಾಯಿಂದ ಏನು ಬರುತ್ತದೆಂದು ಅವರಿಗೆ ನನಗಿಂತ ಮೊದಲೇ ಗೊತ್ತಾಯಿತೆಂದು ಕಾಣುತ್ತದೆ. ಕಣ್ಣಲ್ಲೇ ಬೇಡ ಎಂದರು.

"ಸಾರ್, ನನ್ನ ಎಣಿಕೆ ನಂಬೋ ಹಾಗಿಲ್ಲ. ನನಗೆ ಕಿವಿ ಕೇಳಲ್ಲ. ಎಷ್ಟೋ ತಿಂಗಳಿಂದ ಈಯಮ್ಮನೇ ಎಣಿಸ್ತಿರೋದು. ಯಾರೂ ಒಳಗೆ ಕಾಲಿಡಬಾರದು."

ಲಾರಿ ಡ್ರೈವರುಗಳು, ಹೆಂಗಸರು, ಡ್ರಿಲ್ಲರ್‌ಗಳು, ಎಲ್ಲರೂ ಕೇಳಿದರು. ರೈಟರು ಏನೇನೋ ಕೂಗಾಡಿದರು. ಅವರ ಕೋಪದಲ್ಲಿ ಅಕ್ಷರಗಳೆಲ್ಲ ಕಲಸಿಹೋಗಿ ನನಗೆ ಅರ್ಧ ತಿಳಿಯಲಿಲ್ಲ. ನಾನು ಆ ಜಾಗ ಬಿಟ್ಟು ಕದಲಲಿಲ್ಲ. ಕತ್ತಲಾಗುವ ಮೊದಲು ಲಾರಿಗಳು ಖಾಲಿ ಹೋದವು.

ಮಾರನೆಯ ಬೆಳಗ್ಗೆ ನಾನೊಬ್ಬನೇ ಒಳಗೆ ಹೋದೆ. ಹಾರೆ ಮುಟ್ಟದೆ, ಕೈಯಿಂದಲೇ ಒಂದೊಂದು ಕಲ್ಲು ಸರಿಸಿದೆ. ಬಿಸಿಲೇರುವ ಹೊತ್ತಿಗೆ ಒಂಬತ್ತು ಕುಳಿಗಳ ಬುಡವೂ ಸಿಕ್ಕಿತು. ಒಂದೊಂದಕ್ಕೂ ಬೆರಳು ಹಾಕಿ ನೋಡಿದೆ. ಒಂಬತ್ತೂ ಸಿಡಿದಿದ್ದವು. ಏಳು, ಎಂಟು ಒಟ್ಟಿಗೆ ಹೋಗಿ ಅವಳಿಗೆ ಒಂದೇ ಆಗಿ ಕೇಳಿದ್ದವು. ನನಗೆ ಬೆನ್ನಿನಲ್ಲಿ ಎರಡಾಗಿ ತಗುಲಿದ್ದವು. ನನ್ನ ಎಣಿಕೆಯೇ ಸರಿಯಾಗಿತ್ತು.

ರೈಟರಿಗೆ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡು ನಕ್ಕರು. ಅಲ್ಲೇ ಕೂತು ನನಗೂ ನಗು ಬಂತು, ನಿಲ್ಲಿಸಲಾಗಲಿಲ್ಲ. ನನ್ನ ಎಣಿಕೆ ಸರಿಯಾಗಿದ್ದರೂ ಮತ್ತೊಮ್ಮೆ ಹಾಗೇ ಆದರೆ ಜನರನ್ನು ತಡೆದು ಅದನ್ನೇ ಹೇಳುತ್ತೇನೆಂದು ನನಗೆ ಗೊತ್ತಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಕಂಟ್ರಾಕ್ಟರ್ ನನ್ನ ಪರ್ಮಿಟ್ ತರಿಸಿಕೊಂಡರು. ಮುಳಬಾಗಿಲು ಕಡೆಯಿಂದ ಬೇರೆ ಬ್ಲಾಸ್ಟರ್ ಬಂದ. ಅವನಿಗೆ ಡ್ರಮ್ಮು, ಭುಜ ಮುಟ್ಟಿ ಎಣಿಸುವುದು ಎಲ್ಲ ತೋರಿಸಿಕೊಟ್ಟೆ. ಅವನು ಒಪ್ಪಿ ಮುಂದುವರಿಸಿದ. ಆದರೆ ಇನ್‌ಸ್ಪೆಕ್ಟರ್ ಕಿವಿಗೆ ವಿಷಯ ಬೀಳುವ ಮೊದಲೇ ಎಂದು ಉಳಿದವರ ಕಿವಿಯನ್ನೂ ರೈಟರು ಪರೀಕ್ಷಿಸಿ, ತೀರಾ ಕೇಳದ ಮೇಸ್ತ್ರಿಯನ್ನೂ ಇನ್ನಿಬ್ಬರನ್ನೂ ಡ್ರಿಲ್ಲಿನಿಂದ ತೆಗೆದರು. ಮೇಸ್ತ್ರಿ ನನ್ನ ಮುಂದೆ ಬಂದು ನಿಂತು, ಬಾಯಿ ಸ್ಪಷ್ಟವಾಗಿ ಕಾಣುವಂತೆ ಒಂದೊಂದೇ ಮಾತು ಹೇಳಿದರು:

"ನೀನು ಸತ್ಯವಂತ ಆಗೋಕೆ ನಮ್ಮ ಅನ್ನ ಬೇಕಾಯ್ತಾ?"

ಅವರು ಜಲ್ಲಿ ಕುಟ್ಟಲು ಕೂತರು. ನಾನು ನೂರು ಗಜ ಆಚೆ ಕಲ್ಲು ಚೌಕ ಮಾಡಲು ಕೂತೆ. ಒಂದು ವರ್ಷಕ್ಕೂ ಮೇಲೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಸಂಜೆ ಅವರು ಹೋಗುವ ದಾರಿ ತಪ್ಪಿಸಿ ನಾನು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ.

ಒಂದು ದಿನ ಅವರೇ ಬಂದರು. ನಾನು ಉಳಿ ಕೆಳಗಿಟ್ಟೆ.

"ಮಗಳು ಬಾಣಂತನಕ್ಕೆ ಬಂದವಳೆ," ಎಂದರು. "ಕೂಸು ಅತ್ರೆ ನನಗೆ ಬಾಯಿ ಕಾಣುತ್ತೆ ಅಷ್ಟೇ ಕಣಪ್ಪಾ. ಏನೂ ಕೇಳಲ್ಲ. ನೀನು ಹೋಗಿದ್ದ ಆ ಡಾಕ್ಟ್ರ ಹತ್ರ ನನ್ನ ಕರ್ಕೊಂಡು ಹೋಗ್ತೀಯಾ?"

ಆ ವಾರವೇ ಕೋಲಾರಕ್ಕೆ ಹೋದೆವು. ಬಸ್ಸಿನಲ್ಲಿ ಪಕ್ಕಪಕ್ಕ ಕೂತರೂ ಮಾತಾಡಲಿಲ್ಲ. ಬಸ್ಸಿನ ಸದ್ದಿನಲ್ಲಿ ಮಾತಾಡಿದ್ದರೂ ಪ್ರಯೋಜನವಿರಲಿಲ್ಲ. ಅದೇ ಡಾಕ್ಟರು, ಅದೇ ಯಂತ್ರ. ಮೇಸ್ತ್ರಿ ಈ ಸಲ ಯಾರ ಕೈಯನ್ನೂ ನೋಡದೆ ಕಣ್ಣು ಮುಚ್ಚಿಕೊಂಡು ಕೂತರು. ಬೆರಳು ಕೆಲವೇ ಸಲ ಎದ್ದಿತು.

ಡಾಕ್ಟರು ಗೆರೆ ಎಳೆದು ಮುಗಿಸಿ, ನಾನು ತಂದಿದ್ದ ಹಳೆಯ ಕಾಗದವನ್ನು ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಬಿದ್ದಿದ್ದವು. ಅವರದು ಇನ್ನೂ ಆಳಕ್ಕೆ. ಕಿವುಡು ಕೆಲವು ಮನೆತನಗಳಲ್ಲಿ ಬರುತ್ತದಂತೆ. ಅದಕ್ಕೇ ಇರಬೇಕು, ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟು ದಪ್ಪ ದನಿಯಲ್ಲಿ ಕೇಳಿದರು:

"ನೀವಿಬ್ಬರೂ ಸಂಬಂಧಿಕರಾ?"

ಮೇಸ್ತ್ರಿಗೆ ಅದು ಕೇಳಿಸಿತು. ನನ್ನ ಕಡೆ ನೋಡದೆ ಹೇಳಿದರು:

"ಇಲ್ಲ ಸ್ವಾಮಿ. ಇವನಿಗೆ ಕೆಲಸ ಕಲಿಸಿದ್ದು ನಾನು."